ಫಾರ್ಮಿನಲ್ಲಿ ಯಾರ ಹೆಸರು ಬರೆಯಲಿ?

ಪ್ರಶ್ನೆ: ನನಗೆ 61. 2021ರ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ ಹೆಂಡತಿ ಹೋದಳು. ಮಕ್ಕಳಿಲ್ಲ, ಅಪ್ಪ ಅಮ್ಮ ಇಲ್ಲ. ಆಗ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಗಂಜಿಯ ಡಬ್ಬಿ ಇಟ್ಟು, ಬೆಲ್ ಒತ್ತಿ ದೂರ ನಿಲ್ಲುತ್ತಿದ್ದ ಎದುರು ಮನೆಯ ಉಡುಪಿ ಅಕ್ಕ, ಅವರ ಮಗಳು, ಇವರೇ ಈಗ ನನ್ನ ಮನೆಯವರು. ಧಾರವಾಡದ ತಮ್ಮ "ಹೊರಗಿನವರು ಮನಿ ಹೊಡಕೊಂಡು ಹೋಗ್ತಾರ ನೋಡು" ಅನ್ನುತ್ತಾನೆ. ಕಣ್ಣಿನ ಪೊರೆ ಆಪರೇಷನ್ ಇದೆ. ಫಾರ್ಮಿನಲ್ಲಿ ಹತ್ತಿರದವರು ಅಂತ ಯಾರನ್ನು ಬರೆಯಲಿ?
- ಹೆಸರು ಬೇಡ, ಡೊಂಬಿವಲಿ

ಉತ್ತರ: ಅಕ್ಕನ ಹೆಸರನ್ನೇ ಬರೆಯಿರಿ. ಸಂಬಂಧದ ಜಾಗದಲ್ಲಿ 'ನೆರೆಮನೆಯವರು' ಅಂತ ನಿಜವನ್ನೇ ಹಾಕಿ, ಸುಮ್ನೆ 'ತಂಗಿ' ಅಂತ ಬರೆದು ನಾಳೆ ಅವರನ್ನು ಸಿಕ್ಕಿಸಬೇಡಿ. ಆದರೆ ಮೊದಲು ಅವರನ್ನು ಕೇಳಿದ್ದೀರಾ? ಪ್ರೀತಿಯಿಂದ ಡಬ್ಬಿ ಕೊಡುವುದು ಬೇರೆ, ನಡುರಾತ್ರಿ ಆಸ್ಪತ್ರೆಯಿಂದ ಫೋನ್ ಬಂದರೆ ಎದ್ದು ಓಡುವುದು ಬೇರೆ. ಅವರಿಗೂ ವಯಸ್ಸಾಗುತ್ತಿದೆ ಅಲ್ವಾ, ಮಗಳ ನಂಬರೂ ಕೊಡಿ.

ಜಾಸ್ತಿ ಯೋಚಿಸಬೇಕಾದ್ದು ಮನೆಯ ಬಗ್ಗೆ. ನೀವು ಹಿಂದೂ ಆಗಿದ್ದು, ಉಯಿಲು ಬರೆಯದೆ ಹೋದರೆ 1956ರ ಉತ್ತರಾಧಿಕಾರ ಕಾಯ್ದೆಯಂತೆ ಆಸ್ತಿ ತಮ್ಮನಂಥ ಒಡಹುಟ್ಟಿದವರಿಗೆ ಹೋಗುತ್ತದೆ, ಐದು ವರ್ಷ ಊಟ ಕೊಟ್ಟವರಿಗೆ ಅಲ್ಲ. ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ನಾಮಿನಿ ಮಾಡಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಸಾಲದು. ನಾಮಿನಿಯ ಕೈಗೆ ದುಡ್ಡು ಬಂದರೂ ವಾರಸುದಾರರು ಬಂದು ಕೇಳಬಹುದು. ನೀವೇ ಗಳಿಸಿದ ಮನೆಯಾದರೆ ಉಯಿಲು ಬರೆಯಿರಿ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಬೇಕು. ಅಕ್ಕ, ಮಗಳು ಆ ಸಾಕ್ಷಿಗಳಾಗುವುದು ಬೇಡ. ನಿಮ್ಮ ಪರಿಸ್ಥಿತಿಯಲ್ಲಿ ನಾನಾದರೆ ಖರ್ಚಾದರೂ ನೋಂದಣಿ ಮಾಡಿಸುತ್ತಿದ್ದೆ, ಜಗಳ ಈಗಲೇ ಕಾಣುತ್ತಿದೆ.

ಚಿಕಿತ್ಸೆ ಎಲ್ಲಿಯವರೆಗೆ ಬೇಕು ಅಂತ ಮೊದಲೇ ಬರೆದಿಡುವುದನ್ನೂ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ. 2023ರಿಂದ ಅದಕ್ಕೆ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಸಹಿ ಸಾಕು.

ತಮ್ಮನ ಮಾತಿನಲ್ಲಿ ಆಸ್ತಿಯ ಆಸೆಯೇ ಇದೆ ಅಂತ ತೀರ್ಮಾನಿಸಬೇಡಿ. ಆ ಏಪ್ರಿಲ್‌ನಲ್ಲಿ ತಾನು ಬಂದು ನಿಲ್ಲಲಿಲ್ಲವಲ್ಲ ಅನ್ನುವ ಸಂಕಟವೂ ಇರಬಹುದು. ಉಯಿಲು ಬರೆದ ಮೇಲೆ ನೀವೇ ಫೋನ್ ಮಾಡಿ ಹೇಳಿ. ನಿಮ್ಮ ಬಾಯಿಂದ ಕೇಳಿದರೆ ನಿಮ್ಮ ಮೇಲೆ ಸಿಟ್ಟಾಗುತ್ತಾನೆ. ನೀವು ಹೋದ ಮೇಲೆ ಗೊತ್ತಾದರೆ ಅದನ್ನೆಲ್ಲ ಅಕ್ಕನ ಮೇಲೆ ತೀರಿಸಿಕೊಳ್ಳುತ್ತಾನೆ.