ಸ್ಕೋಪ್ ಕ್ಲಿಪ್ ತಾಗಿದ ಕೂಡಲೇ ಫಟ್ ಅಂತು, ಯಾಕೆ?

ಪ್ರಶ್ನೆ: ಇಂಡಕ್ಷನ್ ಸ್ಟವ್ ರಿಪೇರಿ ಮಾಡುತ್ತೇನೆ. ಐಜಿಬಿಟಿಯ (ಕಾಯಿಲ್ಲಿನ ಕರೆಂಟನ್ನು ಆನ್-ಆಫ್ ಮಾಡುವ ಪವರ್ ಟ್ರಾನ್ಸಿಸ್ಟರ್) ಗೇಟ್ ಸಿಗ್ನಲ್ ನೋಡೋಣ ಅಂತ ಆಸಿಲೋಸ್ಕೋಪ್ ಪ್ರೋಬಿನ ಕ್ಲಿಪ್ಪನ್ನು ಬೋರ್ಡಿನ ಗ್ರೌಂಡಿಗೆ ಹಾಕಿದೆ. ಕಿಡಿ ಹಾರಿ ಎಂಸಿಬಿ ಟ್ರಿಪ್ ಆಯಿತು. ಸ್ಕೋಪಿನ ಅರ್ತ್ ಪಿನ್ ಕಿತ್ತುಹಾಕು ಎನ್ನುತ್ತಾರೆ ಗೆಳೆಯರು. 1300 ವೋಲ್ಟಿನ ಡಿಫರೆನ್ಷಿಯಲ್ ಪ್ರೋಬ್ (ಎರಡು ತುದಿಗಳ ನಡುವಿನ ವೋಲ್ಟೇಜನ್ನಷ್ಟೇ ತೋರಿಸುವಂಥದ್ದು) ತಗೊಂಡರೆ ಎಲ್ಲಿ ಬೇಕಾದರೂ ಹಾಕಬಹುದಾ?

ಉತ್ತರ: ಮೊದಲು ಆ ಅರ್ತ್ ಪಿನ್ನಿನ ವಿಷಯ. ಅದನ್ನು ಮಾತ್ರ ಕೀಳಬೇಡಿ. ಪ್ರೋಬಿನ ಕ್ಲಿಪ್ಪು ಸ್ಕೋಪಿನ ಒಳಗಿಂದ ನೇರ ಗೋಡೆಯ ಅರ್ತಿಗೆ ಹೋಗುತ್ತದೆ. ನಿಮ್ಮ ಬೋರ್ಡಿನ ಗ್ರೌಂಡ್ ಅರ್ತ್ ಅಲ್ಲ, ಬ್ರಿಡ್ಜಿನ (ಎಸಿಯನ್ನು ಡಿಸಿ ಮಾಡುವ ಡಯೋಡುಗಳ) ಮೈನಸ್. 230 ವೋಲ್ಟಿನ ಪೀಕ್ 325. ನೆಗೆಟಿವ್ ಅರ್ಧ ಸೈಕಲ್ಲಿನಲ್ಲಿ ಬ್ರಿಡ್ಜಿನ ಒಂದು ಡಯೋಡ್ ಆ ಮೈನಸ್ಸನ್ನು ಫೇಸಿಗೆ ಸೇರಿಸುತ್ತದೆ. ಆಗ ನೀವು ಕ್ಲಿಪ್ ಹಾಕಿದ್ದು ಫೇಸಿಗೂ ಅರ್ತಿಗೂ ಶಾರ್ಟ್ ಮಾಡಿದ ಹಾಗೇ. ಪಿನ್ ಕಿತ್ತರೆ ಕಿಡಿ ಬರಲ್ಲ, ನಿಜ. ಆದರೆ ಅದೇ 325 ವೋಲ್ಟ್ ಸ್ಕೋಪಿನ ಲೋಹದ ಭಾಗಗಳಲ್ಲಿ ನಿಮ್ಮ ಕೈಗಾಗಿ ಕಾಯುತ್ತಿರುತ್ತದೆ.

ಡಿಫರೆನ್ಷಿಯಲ್ ಪ್ರೋಬ್ ತಗೊಳ್ಳಿ, ಒಳ್ಳೆಯದು. ಆದರೆ ‘ಎಲ್ಲಿ ಬೇಕಾದರೂ’ ಅಲ್ಲ. ಅದಕ್ಕೆ ಮಿತಿ ಎರಡು: ಎರಡು ತುದಿಗಳ ನಡುವೆ ಎಷ್ಟು, ಮತ್ತು ಪ್ರತಿ ತುದಿಯಿಂದ ಅರ್ತಿಗೆ ಎಷ್ಟು. ಎರಡನೆಯದೇ ಕಾಮನ್ ಮೋಡ್. ಜನ ಮರೆಯೋದು ಇದನ್ನೇ. ಇಂಥ ಪ್ರೋಬಿನ ಒಳಗೆ ಸಾಮಾನ್ಯವಾಗಿ ಐಸೊಲೇಷನ್ ಇರುವುದಿಲ್ಲ. ಕೆಲವು ಮೆಗಾಓಮ್ ರೆಸಿಸ್ಟರುಗಳು, ಆಮೇಲೆ ಒಂದು ಆಂಪ್ಲಿಫೈಯರ್, ಅಷ್ಟೇ. ಮಿತಿ ಮೀರಿದರೆ ಮೊದಲು ಅದು, ಆಮೇಲೆ ಸ್ಕೋಪ್.

ನಿಮ್ಮ ಬೋರ್ಡನ್ನೇ ನೋಡಿ. ಐಜಿಬಿಟಿಯ ಗೇಟಿಗೂ ಎಮಿಟರಿಗೂ (ಬ್ರಿಡ್ಜಿನ ಮೈನಸ್ ಕಡೆಯ ಕಾಲು) ನಡುವೆ ಸುಮಾರು 18 ವೋಲ್ಟ್. ಪ್ರೋಬಿನ 50ಎಕ್ಸ್ ರೇಂಜ್ (ವೋಲ್ಟೇಜನ್ನು 50ರಲ್ಲಿ ಒಂದು ಪಾಲಿಗೆ ಇಳಿಸುವುದು) ಸಾಕು. ಆದರೂ ಆ ಎರಡೂ ತುದಿಗಳು ಅರ್ತಿಗಿಂತ 325 ವೋಲ್ಟ್ ಕೆಳಗೆ ಇಳಿದು ಬರುತ್ತಿರುತ್ತವೆ. ಕಲೆಕ್ಟರ್ (ಕಾಯಿಲ್ ಕಡೆಯ ಕಾಲು) ಕಡೆ ಕಥೆಯೇ ಬೇರೆ. ಒಂದೇ ಐಜಿಬಿಟಿ ಇರುವ ಸ್ಟವ್‌ಗಳಲ್ಲಿ ಕಾಯಿಲ್ ಮತ್ತು ಕೆಪಾಸಿಟರಿನ ರೆಸೊನೆನ್ಸಿನಿಂದ ಅಲ್ಲಿ 1000 ವೋಲ್ಟಿನ ಆಸುಪಾಸು ಪಲ್ಸ್ ಬರಬಹುದು. ಸುಮ್ನೆ 1200 ವೋಲ್ಟಿನ ಐಜಿಬಿಟಿ ಹಾಕಿರಲ್ಲ ಅಲ್ವಾ? ಅಲ್ಲಿಗೆ 500ಎಕ್ಸ್ ಬೇಕು. ಸ್ಕೋಪ್ ಜೊತೆ ಬರುವ 10ಎಕ್ಸ್ ಪ್ರೋಬನ್ನು ಅಲ್ಲಿಗೆ ತರಲೇಬೇಡಿ.

ಎರಡು ಮಾಮೂಲಿ ಪ್ರೋಬ್ ಹಾಕಿ ಸ್ಕೋಪಿನಲ್ಲೇ ಎ ಮೈನಸ್ ಬಿ (ಒಂದರಿಂದ ಇನ್ನೊಂದನ್ನು ಕಳೆಯುವುದು) ಮಾಡಿದರೆ ಆಗಲ್ವಾ ಅಂತ ಕೇಳುವವರೂ ಇದ್ದಾರೆ. ಗೇಟಿಗೆ ಆಗುತ್ತದೆ, ಆದರೆ ಚೆನ್ನಾಗಿರಲ್ಲ. ಡಿವಿಷನ್ನಿಗೆ (ಪರದೆಯ ಒಂದು ಚೌಕಕ್ಕೆ) 100 ವೋಲ್ಟ್ ಇಟ್ಟರೆ 8 ಬಿಟ್ (256 ಮೆಟ್ಟಿಲುಗಳ) ಸ್ಕೋಪಿನಲ್ಲಿ ಒಂದು ಮೆಟ್ಟಿಲೇ 3 ವೋಲ್ಟ್ ದಾಟುತ್ತದೆ. 18 ವೋಲ್ಟಿನ ಅಂಚು ಅದರಲ್ಲಿ ಏನು ಕಾಣುತ್ತದೆ?

ಪ್ರೋಬಿನ ಮೇಲೆ ಕ್ಯಾಟ್ II ಅಥವಾ III (ಮೈನ್ಸಿನಲ್ಲಿ ಎಲ್ಲಿ ಬಳಸಬಹುದು ಎನ್ನುವ ಸುರಕ್ಷತಾ ದರ್ಜೆ) ಅಂತಿರುವುದನ್ನೂ ನೋಡಿ. ಪ್ಲಗ್ಗಿಗೆ ಹಾಕುವ ಸ್ಟವ್‌ಗೆ II ಸಾಕು, ಡಿಸ್ಟ್ರಿಬ್ಯೂಷನ್ ಬೋರ್ಡಿಗೆ III ಬೇಕು. ಫ್ರೀಕ್ವೆನ್ಸಿ ಏರಿದ ಹಾಗೆ ವೋಲ್ಟೇಜ್ ಮಿತಿ ಇಳಿಯುತ್ತದೆ. ಆ ಗ್ರಾಫ್ ಮ್ಯಾನ್ಯುಯಲ್ಲಿನಲ್ಲಿ ಇರುತ್ತದೆ.

ಪ್ಲಗ್ ತೆಗೆದು, ಕೆಪಾಸಿಟರ್ ಖಾಲಿಯಾಗಿದೆಯಾ ಅಂತ ಮೀಟರಿನಲ್ಲಿ ನೋಡಿ, ಆಮೇಲೆ ಡಿಫರೆನ್ಷಿಯಲ್ ಪ್ರೋಬಿನ ತುದಿಗಳನ್ನು ಹಾಕಿ. ಕೆಲವು ಬೋರ್ಡುಗಳಲ್ಲಿ ಹೀಟ್‌ಸಿಂಕಿನಲ್ಲೇ ಕಲೆಕ್ಟರ್ ವೋಲ್ಟೇಜ್ ಇರುತ್ತದೆ, ಆನ್ ಆದ ಮೇಲೆ ಕೈ ಹತ್ತಿರ ಒಯ್ಯಬೇಡಿ. ಮೊದಲ ಸಲ ಎರಡೂ ತುದಿಗಳನ್ನು ಎಮಿಟರಿಗೇ ಹಾಕಿ ಆನ್ ಮಾಡಿ. ಗೆರೆ ನೇರವಾಗಿರಬೇಕು. ಅದರ ಮೇಲೆ ಏನಾದರೂ ಕುಣಿದರೆ ಅದು ಕಾಮನ್ ಮೋಡ್ ಸೋರಿಕೆ. ಗೇಟ್ ಅಳೆಯುವಾಗ ಅಷ್ಟನ್ನು ಲೆಕ್ಕದಿಂದ ಬಿಡಿ.