ಸರ್ಕಾರಗಳು ಪದೇ ಪದೇ ಬಿದ್ದರೆ ಭಯೋತ್ಪಾದನೆ ಹೆಚ್ಚುತ್ತದೆಯೇ?

ಪ್ರಜಾಪ್ರಭುತ್ವದ ಸಡಿಲಿಕೆಯೇ ಭಯೋತ್ಪಾದನೆಗೆ ಕಾರಣವೇ, ರಾಜಕೀಯ ಅಸ್ಥಿರತೆ ಅದಕ್ಕೆ ಇಂಬು ಕೊಡುತ್ತದೆಯೇ ಎಂದು ಕೇಳಿದ್ದೀರಿ. ಬರೀ ಸರ್ಕಾರ ಬೀಳುವುದನ್ನೇ ಅಸ್ಥಿರತೆ ಅನ್ನುವುದಾದರೆ, ಇಲ್ಲ ಅಂತಲೇ ನನ್ನ ಉತ್ತರ. 2018ರ ಮೇ ತಿಂಗಳಿಂದ 2019ರ ಜುಲೈ ಒಳಗೆ ನಾವು ಯಡಿಯೂರಪ್ಪ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ ಇಷ್ಟನ್ನೂ ನೋಡಿದೆವು. ಶಾಸಕರು ಮುಂಬೈ ಹೋಟೆಲಿನಲ್ಲಿ, ಜನ ಚಹಾದಂಗಡಿಯಲ್ಲಿ. ಯಾರೂ ಬಂದೂಕು ಹಿಡಿಯಲಿಲ್ಲ.

ನಾನು ಬೆಳಗಾವಿಯವ, ಹಾಗಾಗಿ ಗಡಿ ತಂಟೆಯ ಮಾತು ಬಾರದೇ ಇರದು. 1956ರಿಂದ ಹೊಗೆಯಾಡುತ್ತಲೇ ಇದೆ. ನವೆಂಬರ್ 1 ಬಂತೆಂದರೆ ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಕರಾಳ ದಿನ. ಬಸ್ಸಿಗೆ ಕಲ್ಲು, ಬೋರ್ಡಿಗೆ ಮಸಿ, ಕೊಗನೊಳ್ಳಿ ನಾಕಾದಲ್ಲಿ ಬ್ಯಾರಿಕೇಡ್, ಸ್ಟ್ಯಾಂಡಿನಲ್ಲಿ "ಕೊಲ್ಲಾಪುರ ಗಾಡಿ ಬಿಟ್ಟಾರೇನ್ರಿ?" ಅನ್ನುವವರ ಗುಂಪು. 1986ರಲ್ಲಿ ಗೋಲಿಬಾರಿಗೆ ಜೀವಗಳೂ ಹೋದವು. ಇಷ್ಟಾದರೂ ಅದು ಭಯೋತ್ಪಾದನೆಯಾಗಲಿಲ್ಲ. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ಚುನಾವಣೆಗೆ ನಿಂತು ಗೆದ್ದು ನಮ್ಮದೇ ವಿಧಾನಸಭೆಯಲ್ಲಿ ಕೂತಿತು, ಪಾಲಿಕೆಯನ್ನೂ ಆಳಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2018, 2023ರಲ್ಲಿ ಸಮಿತಿಗೆ ಒಂದೂ ಸೀಟು ಬರಲಿಲ್ಲ. ಸೋಲಿಸಿದವರು ಇಲ್ಲಿನ ಮತದಾರರೇ, ಅವರಲ್ಲಿ ಮರಾಠಿಗರೂ ಇದ್ದರು.

ಇದರ ಪಕ್ಕದಲ್ಲಿ 1987ರ ಕಾಶ್ಮೀರ ಚುನಾವಣೆ ಇಟ್ಟು ನೋಡಿ. ಅಕ್ರಮ ನಡೆದಿದೆ ಎಂಬ ದೂರು ವ್ಯಾಪಕವಾಗಿತ್ತು. ಶ್ರೀನಗರದ ಅಮೀರಾ ಕದಲ್‌ನಲ್ಲಿ ಸೋತರೆಂದು ಘೋಷಿತನಾದ ಮೊಹಮ್ಮದ್ ಯೂಸುಫ್ ಶಾ ಜೈಲು ಸೇರಿದ, ಆಮೇಲೆ ಸೈಯದ್ ಸಲಾಹುದ್ದೀನ್ ಎಂಬ ಹೆಸರಲ್ಲಿ ಹಿಜ್ಬುಲ್ ಮುಜಾಹಿದೀನ್ ಎಂಬ ಉಗ್ರ ಸಂಘಟನೆಯ ಮುಖ್ಯಸ್ಥನಾದ. ಬಂದೂಕು, ತರಬೇತಿ ಗಡಿಯಾಚೆಯಿಂದ ಬಂದವು, ಅದರಲ್ಲಿ ಅನುಮಾನವಿಲ್ಲ. ಆದರೆ ಅವನ್ನು ಹಿಡಿಯಲು ಹುಡುಗರು ಸಿಕ್ಕಿದ್ದು ಮತಪೆಟ್ಟಿಗೆಯ ಮೇಲಿನ ನಂಬಿಕೆ ಹೋದಮೇಲೆ.

ಸರ್ವಾಧಿಕಾರವೇ ವಾಸಿಯಲ್ಲವೇ ಅನ್ನಬಹುದು. ಅರ್ಥಶಾಸ್ತ್ರಜ್ಞ ಆಲ್ಬರ್ಟೊ ಅಬಾಡಿ 2006ರ ಅಧ್ಯಯನದಲ್ಲಿ ಕಂಡದ್ದು, ಪೂರ್ತಿ ಮುಕ್ತ ದೇಶಗಳಿಗಿಂತಲೂ ಪೂರ್ತಿ ಬಿಗಿ ದೇಶಗಳಿಗಿಂತಲೂ ನಡುವೆ ಸಿಕ್ಕಿಕೊಂಡ ಅರೆಬರೆ ದೇಶಗಳಲ್ಲೇ ಅಪಾಯ ಹೆಚ್ಚು ಅಂತ. ಬಿಗಿ ಮುಷ್ಟಿ ಸಡಿಲವಾದಾಗ ಏನಾಗುತ್ತದೆಂದು 2003ರಲ್ಲಿ ಸದ್ದಾಂ ಹುಸೇನ್ ಬಿದ್ದ ನಂತರದ ಇರಾಕ್ ತೋರಿಸಿತು.

ಅಸ್ಥಿರತೆ ನಿಜವಾಗಿ ಕುತ್ತಿಗೆಗೆ ಬರುವುದು ಆಳುವವರು ಪರಸ್ಪರ ಮಾತು ಬಿಟ್ಟಾಗ. ಶ್ರೀಲಂಕಾದಲ್ಲಿ 2018ರ ಅಕ್ಟೋಬರಿನಲ್ಲಿ ಅಧ್ಯಕ್ಷ ಸಿರಿಸೇನಾ ಪ್ರಧಾನಿ ರಾನಿಲ್ ವಿಕ್ರಮಸಿಂಘೆಯನ್ನು ವಜಾ ಮಾಡಿದರು. ಕೋರ್ಟ್ ತೀರ್ಪಿನ ನಂತರ ಡಿಸೆಂಬರಿನಲ್ಲಿ ರಾನಿಲ್ ವಾಪಸು ಬಂದರು, ಆದರೆ ಭದ್ರತಾ ಮಂಡಳಿಯ ಸಭೆಗಳಿಗೆ ತನ್ನನ್ನು ಕರೆಯುತ್ತಿರಲಿಲ್ಲ ಎಂದು ಮುಂದೆ ಅವರೇ ಹೇಳಿದರು. 2019ರ ಏಪ್ರಿಲ್ ಮೊದಲ ವಾರದಲ್ಲೇ ಭಾರತದ ಗುಪ್ತಚರರು ದಾಳಿಯ ಮುನ್ಸೂಚನೆ ಕೊಟ್ಟಿದ್ದರು. ಏಪ್ರಿಲ್ 21ರ ಈಸ್ಟರ್ ಭಾನುವಾರ ಮೂರು ಚರ್ಚು, ಮೂರು ದೊಡ್ಡ ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ನನಗೆ ಗೊತ್ತಿರಲಿಲ್ಲ ಅಂದರು ಪ್ರಧಾನಿ. ನನಗೂ ಯಾರೂ ಹೇಳಲಿಲ್ಲ ಅಂದರು ಅಧ್ಯಕ್ಷರು. ರಕ್ಷಣಾ ಖಾತೆ ಅವರ ಕೈಯಲ್ಲೇ ಇತ್ತು! 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಿರಿಸೇನಾಗೆ, ಸ್ವಂತ ಕಿಸೆಯಿಂದ 10 ಕೋಟಿ ಲಂಕಾ ರೂಪಾಯಿ ಪರಿಹಾರ ಕಟ್ಟು ಎಂದಿತು.