ಟೈಟರ್ ಇಳಿಯಿತು ಅಂದರೆ ಇಮ್ಯುನಿಟಿ ಹೋಯಿತು ಅಂತಲ್ಲ

ಲಸಿಕೆ ಅಂದರೇನು, ಆಂಟಿಬಾಡಿ ಅಂದರೇನು ಅಂತ ಇಲ್ಲಿ ಮೊದಲಿಂದ ಹೇಳುವುದಿಲ್ಲ. ಅದು ಹೈಸ್ಕೂಲು ಪುಸ್ತಕದಲ್ಲೇ ಇದೆ. ಆದರೆ ಟೈಟರ್, ಅಂದರೆ ರಕ್ತದಲ್ಲಿ ಆಂಟಿಬಾಡಿ ಎಷ್ಟಿದೆ ಅಂತ ತೋರಿಸುವ ಅಂಕಿ, ಇಳಿದ ಲ್ಯಾಬ್ ರಿಪೋರ್ಟಿನ ಫೋಟೊ ತೆಗೆದು, ಕೆಳಗೆ ‘ಭಯ ಆಗ್ತಿದೆ ಡಾಕ್ಟ್ರೇ’ ಅಂತ ಬರೆದು ಕಳಿಸುವವರು ಕಮ್ಮಿ ಆಗುತ್ತಲೇ ಇಲ್ಲ. ಅದಕ್ಕೇ ಈ ಸಲ ಆ ಒಂದು ಪ್ರಶ್ನೆಗೇ ಜಾಸ್ತಿ ಜಾಗ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಸ್ಟಾಫ್ ನರ್ಸ್. ಓದುವಾಗಲೇ ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿತ್ತು. ಆಗ ಟೈಟರ್ 180 ಇತ್ತು. ಈಗ ಹೊಸ ಕೆಲಸಕ್ಕೆ ಸೇರುವಾಗ ಮಾಡಿಸಿದರೆ 6 ಬಂದಿದೆ. ಲ್ಯಾಬಿನವರು ‘ಇಮ್ಯುನಿಟಿ ಪೂರ್ತಿ ಹೋಗಿದೆ, ಮೊದಲಿಂದ ಹಾಕಿಸಿಕೊಳ್ಳಿ’ ಅಂದರು. ಹಾಕಿಸಿಕೊಳ್ಳಲಾ?

ಬೇಡಮ್ಮಾ. ರಕ್ಷಣೆಯ ಗೆರೆ ಅಂತ ಇಟ್ಟುಕೊಂಡಿರುವುದು 10. ಅದಕ್ಕಿಂತ ಕೆಳಗೆ ಬಂದರೆ ರಿಪೋರ್ಟಿನಲ್ಲಿ ಆ ಅಂಕಿ ದಪ್ಪಗೆ ಅಚ್ಚಾಗಿರುತ್ತದೆ. ಅದನ್ನು ನೋಡಿಯೇ ಅರ್ಧ ಜೀವ ಹೋಗುತ್ತದೆ. ಆ 6 ಹೇಳುವುದು ಇಷ್ಟೇ: ಇವತ್ತು ನಿಮ್ಮ ರಕ್ತದಲ್ಲಿ ಓಡಾಡುತ್ತಿರುವ ಆಂಟಿಬಾಡಿ ಎಷ್ಟು ಅಂತ. ರೋಗಾಣುವಿನ ಗುರುತು ಇಟ್ಟುಕೊಂಡು, ಅದು ಮತ್ತೆ ಬಂದಾಗ ಎದ್ದೇಳುವ ನೆನಪಿನ ಕೋಶಗಳನ್ನು ಆ ಟೆಸ್ಟು ಎಣಿಸುವುದೇ ಇಲ್ಲ.

ಸೂಜಿ ಚುಚ್ಚುವುದು ತೋಳಿಗೆ. ಕೆಲಸ ನಡೆಯುವುದು ಕಂಕುಳಿನ ದುಗ್ಧರಸ ಗ್ರಂಥಿಯಲ್ಲಿ. ಲಸಿಕೆಯಾದ ಮೇಲೆ ಕೆಲವರಿಗೆ ಅಲ್ಲಿ ಮುಟ್ಟಿದರೆ ನೋಯುವ ಸಣ್ಣ ಗಂಟು ಸಿಗುತ್ತದೆ, ಅಲ್ವಾ? ಅದೇ ಜಾಗ. ಅಲ್ಲಿ ಬಿ ಕೋಶಗಳು, ಅಂದರೆ ಆಂಟಿಬಾಡಿಯ ಮೂಲವಾದ ಬಿಳಿ ರಕ್ತಕಣಗಳು, ಬೇಗ ಬೇಗ ಒಡೆದು ಎರಡಾಗುತ್ತವೆ. ಒಡೆಯುತ್ತಲೇ ತಮ್ಮ ಆಂಟಿಬಾಡಿಯ ಜೀನ್‌ನಲ್ಲಿ ಅಲ್ಲಲ್ಲಿ ಅಕ್ಷರ ಬದಲಿಸಿಕೊಳ್ಳುತ್ತವೆ. ಈ ತಿದ್ದುಪಡಿಗೆ ಕಣ್ಣಿಲ್ಲ. ಎಷ್ಟೋ ಸಲ ಆಂಟಿಬಾಡಿ ಮೊದಲಿಗಿಂತ ಕೆಡುತ್ತದೆ. ಆಗೊಮ್ಮೆ ಈಗೊಮ್ಮೆ ಒಂದು ಕೋಶ ಲಸಿಕೆಯ ಪ್ರೋಟೀನನ್ನು ಮೊದಲಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಪಕ್ಕದ ಟಿ ಕೋಶ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಆಸರೆ ಕೊಡುವುದು ಅಂಥದ್ದಕ್ಕೆ. ಹಿಡಿತ ಸಡಿಲವಾದವು ಅಲ್ಲೇ ಸಾಯುತ್ತವೆ. ಈ ಜರಡಿ ಆಟ ವಾರಗಟ್ಟಲೆ ನಡೆಯುತ್ತದೆ. ‘ಆರು ತಿಂಗಳಿಗೆ ಹಾಕೋ ಮೂರನೇ ಡೋಸು ಈಗಲೇ ಹಾಕಿಬಿಡಿ ಸಾರ್, ಆಮೇಲೆ ರಜೆ ಸಿಗಲ್ಲ’ ಅನ್ನುವವರಿಗೆ ನಾನು ಜಪ್ಪಯ್ಯ ಅಂದರೂ ಒಪ್ಪದಿರುವುದು ಅದಕ್ಕೇ.

ಉಳಿದ ಕೋಶಗಳು ಎರಡು ದಾರಿ ಹಿಡಿಯುತ್ತವೆ. ಕೆಲವು ಪ್ಲಾಸ್ಮಾ ಕೋಶಗಳಾಗಿ ಮೂಳೆಯ ಮಜ್ಜೆಗೆ ಹೋಗಿ ನೆಲೆಸುತ್ತವೆ. ಆಂಟಿಬಾಡಿ ತಯಾರಿಸುವುದು ಇವು. ರಕ್ತಕ್ಕೆ ಬಂದ ಐಜಿಜಿ (ರಕ್ತದಲ್ಲಿ ಹೆಚ್ಚಾಗಿರುವ ಬಗೆಯ) ಆಂಟಿಬಾಡಿ ಸುಮಾರು ಮೂರು ವಾರಕ್ಕೆ ಅರ್ಧಕ್ಕಿಳಿಯುತ್ತದೆ. ಅಂದಮೇಲೆ ವರ್ಷಗಳ ನಂತರ ನಿಮ್ಮಲ್ಲಿ ಉಳಿದಿರುವ ಆ 6 ಕೂಡ ಹಳೇ ದಾಸ್ತಾನಲ್ಲ, ಈಚೆಗೆ ತಯಾರಾಗಿದ್ದೇ. ಮಜ್ಜೆಯಲ್ಲಿ ಒಳ್ಳೇ ಜಾಗ ಸಿಕ್ಕ ಪ್ಲಾಸ್ಮಾ ಕೋಶಗಳು ಬಹುಕಾಲ ಬದುಕುತ್ತವೆ, ಉಳಿದವು ಕರಗುತ್ತಾ ಹೋಗುತ್ತವೆ. ಟೈಟರ್ ಇಳಿಯುವುದು ಹೀಗೆ.

ಇನ್ನೊಂದು ದಾರಿ ಹಿಡಿದವು ನೆನಪಿನ ಬಿ ಕೋಶಗಳು. ಇವು ಆಂಟಿಬಾಡಿ ಸುರಿಸುವುದಿಲ್ಲ. ಗುಲ್ಮದಲ್ಲಿ, ದುಗ್ಧರಸ ಗ್ರಂಥಿಗಳಲ್ಲಿ ಸುಮ್ನೆ ಇರುತ್ತವೆ, ರಕ್ತದಲ್ಲಿ ಒಂದಿಷ್ಟು ತಿರುಗಾಡುತ್ತವೆ. ನೆನಪಿನ ಟಿ ಕೋಶಗಳಿಗೆ ಇಂಟರ್‌ಲ್ಯೂಕಿನ್ 7 ಮತ್ತು 15 ಅನ್ನುವ ಸಂಕೇತಗಳು ಸಿಗುತ್ತಿದ್ದರೆ ಸಾಕು. ಅಪರೂಪಕ್ಕೊಮ್ಮೆ ಒಡೆದು ಸಂಖ್ಯೆ ಕಾಪಾಡಿಕೊಳ್ಳುತ್ತವೆ. ಅದಕ್ಕಾಗಿ ವೈರಸ್ ಮತ್ತೆ ಮತ್ತೆ ಬರಬೇಕಿಲ್ಲ. ಎಷ್ಟು ಕಾಲ ಇರುತ್ತವೆ ಅಂತೀರಾ? 1918ರ ಫ್ಲೂ ಕಾಲದಲ್ಲಿ ಮಕ್ಕಳಾಗಿದ್ದವರ ರಕ್ತವನ್ನು ಅಮೆರಿಕದಲ್ಲಿ ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಅವರಿಗೆ ಆಗ 91ರಿಂದ 101 ವಯಸ್ಸು. ಆ ವೈರಸ್ಸನ್ನು ಗುರುತಿಸುವ ಬಿ ಕೋಶಗಳು ಅವರಲ್ಲಿ ಕೆಲವರ ರಕ್ತದಲ್ಲಿ ಇನ್ನೂ ಸಿಕ್ಕವು.

ಲ್ಯಾಬಿನವರಿಗೆ ಗೊತ್ತಿಲ್ಲದ ಮಾತು ಈಗ. ನೆನಪಿನ ಕೋಶ ಎದ್ದು ಕೆಲಸಕ್ಕೆ ಇಳಿಯಲು ಕೆಲವು ದಿನ ಬೇಕು. ರೋಗ ಅಷ್ಟು ಪುರುಸೊತ್ತು ಕೊಡುತ್ತದಾ ಅನ್ನುವುದೇ ಪ್ರಶ್ನೆ. ಹೆಪಟೈಟಿಸ್ ಬಿ ಧಾರಾಳವಾಗಿ ಕೊಡುತ್ತದೆ. ವೈರಸ್ ಹೊಕ್ಕು ಕಾಯಿಲೆ ಕಾಣಿಸಲು ಒಂದೂವರೆಯಿಂದ ಆರು ತಿಂಗಳು ಹಿಡಿಯುತ್ತದೆ. ಅಷ್ಟರೊಳಗೆ ನಿಮ್ಮ ಕೋಶಗಳು ಎದ್ದು ಆಂಟಿಬಾಡಿ ಏರಿಸಿರುತ್ತವೆ. ಧನುರ್ವಾಯು ಹಾಗಲ್ಲ. ಅದರ ವಿಷ ಚಿಟಿಕೆಯ ಲೆಕ್ಕಕ್ಕೂ ಬಾರದಷ್ಟಿದ್ದರೂ ಕೊಲ್ಲುತ್ತದೆ. ಅಷ್ಟು ಸ್ವಲ್ಪಕ್ಕೆ ನೆನಪು ಎಚ್ಚರವಾಗುವುದಿಲ್ಲ. ಅಲ್ಲಿ ಆಂಟಿಬಾಡಿ ರಕ್ತದಲ್ಲಿ ಮೊದಲೇ ಸಿದ್ಧವಿರಬೇಕು. ಅದಕ್ಕೇ ಹತ್ತು ವರ್ಷಕ್ಕೊಮ್ಮೆ ಟಿಡಿ (ಧನುರ್ವಾಯು, ಗಂಟಲಮಾರಿ ಎರಡಕ್ಕೂ ಹಾಕುವ) ಇಂಜೆಕ್ಷನ್. ಎರಡು ಲಸಿಕೆಗೂ ಒಂದೇ ನಿಯಮ ಹೇಳುವವರನ್ನು ನಂಬಬೇಡಿ.

ಮೂರೂ ಡೋಸಿನ ನಂತರ ಒಮ್ಮೆ 10 ದಾಟಿದ ಆರೋಗ್ಯವಂತರು, ಆಮೇಲೆ ಅಂಕಿ ಇಳಿದರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಡಯಾಲಿಸಿಸ್‌ನಲ್ಲಿ ಇರುವವರು, ಅಂಗಾಂಗ ಕಸಿ ಆದವರು, ಎಚ್‌ಐವಿ ಇರುವವರ ಲೆಕ್ಕ ಬೇರೆ, ಅವರು ತಮ್ಮ ಡಾಕ್ಟರ ಮಾತು ಕೇಳಬೇಕು. ಲಸಿಕೆ ಆದಾಗ ಟೈಟರ್ ಮಾಡಿಸದೆ, ವರ್ಷಗಳ ನಂತರ ಮೊದಲ ಸಲ ಮಾಡಿಸಿ 10ಕ್ಕಿಂತ ಕಮ್ಮಿ ಬಂದವರು ಒಂದೇ ಡೋಸ್ ಹಾಕಿಸಿಕೊಂಡು, ಒಂದೆರಡು ತಿಂಗಳು ಬಿಟ್ಟು ಮತ್ತೆ ನೋಡಲಿ. ಅಂಕಿ 10 ದಾಟಿತು ಅಂದರೆ ನೆನಪು ಇತ್ತು ಅಂತಲೇ ಅರ್ಥ.

ನಿಮ್ಮ ಹೊಸ ಆಸ್ಪತ್ರೆಯವರು ಹಠ ಹಿಡಿದರೆ ಒಂದು ಡೋಸ್ ಹಾಕಿಸಿಕೊಳ್ಳಿ, ತೊಂದರೆ ಇಲ್ಲ. ಮೂರು ಬೇಡ. ಹಳೇ 180ರ ರಿಪೋರ್ಟನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ. ಡ್ಯೂಟಿಯಲ್ಲಿ ಸೂಜಿ ಚುಚ್ಚಿತು ಅಂದರೆ ಮಾತ್ರ ಮುಚ್ಚಿಡಬೇಡಿ. ಹೆಪಟೈಟಿಸ್ ಸಿಗೂ ಎಚ್‌ಐವಿಗೂ ಲಸಿಕೆಯೇ ಇಲ್ಲ.

ಪ್ರಶ್ನೆ: ಬೆಳಿಗ್ಗೆ ಕಷಾಯ ಕುಡಿದರೆ ನೆನಪಿನ ಕೋಶಗಳು ಜಾಸ್ತಿ ಆಗುತ್ತವಾ?

ಇಲ್ಲ. ರುಚಿಗೆ ಕುಡಿಯಿರಿ.

ಪ್ರಶ್ನೆ: ಕಾಮಾಲೆಗೆ ನಮ್ಮೂರಲ್ಲಿ ಕೈಗೆ ಬರೆ ಹಾಕುತ್ತಾರೆ. ಗುಣ ಆಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ನೀವು ನೋಡಿದ್ದು ಹೆಪಟೈಟಿಸ್ ಎ ಇರಬಹುದು. ಅದು ಬಹುಪಾಲು ಜನರಿಗೆ ತಾನಾಗಿಯೇ ವಾಸಿಯಾಗುತ್ತದೆ. ಬರೆ ಹಾಕಿದವನಿಗೆ ಹೆಸರು, ನಿಮಗೆ ಸುಟ್ಟ ಗಾಯ.

ಪ್ರಶ್ನೆ: ಮಗುವಿಗೆ ದಡಾರದ ಲಸಿಕೆ ಬೇಡ, ಒಂದು ಸಲ ದಡಾರ ಬಂದು ಹೋದರೆ ಮೈ ಗಟ್ಟಿಯಾಗುತ್ತದೆ ಅಂತ ನಮ್ಮತ್ತೆ ಹೇಳುತ್ತಾರೆ.

ಅತ್ತೆಯವರ ಮಾತಿನಲ್ಲಿ ಅರ್ಧ ನಿಜ. ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಲ್ಲಿ 1781ರ ನಂತರ ದಡಾರ ಮತ್ತೆ ಕಾಲಿಟ್ಟಿದ್ದು 1846ರಲ್ಲಿ. ಊರಿಗೆ ಊರೇ ಮಲಗಿತು. 65 ವರ್ಷದ ಹಿಂದೆ ದಡಾರ ಬಂದಿದ್ದ ಮುದುಕರಿಗೆ ಮಾತ್ರ ಏನೂ ಆಗಲಿಲ್ಲ. ಆ ಕಾಯಿಲೆಯ ನೆನಪು ಅಷ್ಟು ಗಟ್ಟಿ. ಆದರೆ ದಡಾರದ ವೈರಸ್ ನುಗ್ಗುವುದೇ ನೆನಪಿನ ಕೋಶಗಳೊಳಕ್ಕೆ. ಬೇರೆ ಕಾಯಿಲೆಗಳ ಬಗ್ಗೆ ಮೈ ಕಲಿತಿದ್ದನ್ನು ಅಳಿಸಿ ಹೋಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಹಾಕಿಸದ ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು, ನಂತರ ಹೋಲಿಸಿದ ಅಧ್ಯಯನ 2019ರಲ್ಲಿ ಬಂತು. ಬೇರೆ ರೋಗಾಣುಗಳ ವಿರುದ್ಧದ ಆಂಟಿಬಾಡಿಗಳಲ್ಲಿ ಶೇ 11ರಿಂದ 73ರಷ್ಟು ಕಳೆದುಹೋಗಿದ್ದವು. ಇದನ್ನು ಮೈ ಗಟ್ಟಿಯಾಗುವುದು ಅನ್ನುತ್ತೀರಾ? ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಒಂಬತ್ತು ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಅಂಗನವಾಡಿ ಅಕ್ಕನನ್ನು ಕೇಳಿ, ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಎರಡು ವರ್ಷದ ಹಿಂದೆ ನಾಯಿ ಕಚ್ಚಿ ಪೂರ್ತಿ ಕೋರ್ಸ್ ಮುಗಿಸಿದ್ದೆ. ಮತ್ತೆ ಕಚ್ಚಿದರೆ ನೆನಪಿನ ಕೋಶಗಳೇ ನೋಡಿಕೊಳ್ಳುತ್ತವೆ ಅಲ್ವಾ? ರೇಬಿಸ್ ಕೂಡ ನಿಧಾನವಾಗಿ ಬರುವ ಕಾಯಿಲೆ ತಾನೇ?

ಜಾಣ ಪ್ರಶ್ನೆ, ಅಪಾಯದ ಪ್ರಶ್ನೆ. ರೇಬಿಸ್ ವೈರಸ್ ರಕ್ತದಲ್ಲಿ ಮೆರವಣಿಗೆ ಹೋಗುವುದಿಲ್ಲ. ನರ ಹಿಡಿದು ಮೆದುಳಿಗೆ ಹತ್ತುತ್ತದೆ. ದಾರಿಯಲ್ಲಿ ನೆನಪಿನ ಕೋಶಗಳ ಕಣ್ಣಿಗೆ ಬೀಳುವುದೇ ಕಮ್ಮಿ. ಅವನ್ನು ಸೂಜಿ ಚುಚ್ಚಿಯೇ ಎಬ್ಬಿಸಬೇಕು. ನಿಮಗೆ ನೆನಪು ಇರುವುದರಿಂದ ಕಚ್ಚಿದ ದಿನ ಒಂದು, ಮೂರು ದಿನ ಬಿಟ್ಟು ಇನ್ನೊಂದು, ಎರಡೇ ಡೋಸ್ ಸಾಕು. ಗಾಯಕ್ಕೆ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಆಂಟಿಬಾಡಿ) ಬೇಕಿಲ್ಲ. ಹಳೇ ಚೀಟಿ ತೋರಿಸಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ಕಾಲು ಗಂಟೆ ಗಾಯ ತೊಳೆಯಿರಿ. ಖಾರದಪುಡಿ, ಸುಣ್ಣ ಮೆತ್ತುವವರನ್ನು ಹತ್ತಿರ ಸೇರಿಸಬೇಡಿ. ಈ ಕಾಯಿಲೆಯಲ್ಲಿ ಟೈಟರ್ ರಿಪೋರ್ಟಿಗೆ ಕಾಯುವವರನ್ನು ಕಂಡರೆ ನನಗೆ ನಡುಕ. ಕಚ್ಚಿದ ದಿನವೇ ಹೋಗಿ, ಭಾನುವಾರ ಆದರೂ ಸರಿ.